ಓದಿದ ನಾಟಕ, ಕೇಳಿದ ನಾಟಕ

ನಾಟಕವನ್ನು ಓದಬೇಕೆ, ನೋಡಬೇಕೆ, ಕೇಳಬೇಕೆ ಎಂದು ಯಾರಾದರೂ ಎರಡು ವರ್ಷಗಳ ಹಿಂದೆ ನನ್ನನ್ನು ಪ್ರಶ್ನಿಸಿದ್ದರೆ, ನಾನು ಕೂಡಲೆ ಗಂಟಲು ಸರಿಮಾಡಿಕೊಂಡು ನಲವತ್ತು ನಿಮಿಷಗಳ ಉಪನ್ಯಾಸವೊಂದನ್ನು ಕೊಟ್ಟುಬಿಡುತ್ತಿದ್ದೆ. ಅಧ್ಯಾಪಕರಾದವರಿಗೆ ಇದೊಂದು ರೋಗ. ಪ್ರಶ್ನೆ ಚಿಕ್ಕದಾದಷ್ಟೂ ಉತ್ತರ ದೊಡ್ಡದಾಗಬೇಕು. ಭರತಮುನಿಯಿಂದಲೇ ಆರಂಭಿಸುತ್ತಿದ್ದೆ. ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ಕಣ್ಣಿಗೂ ಕಿವಿಗೂ ಒಟ್ಟಿಗೆ ಒದಗುವ ಆಟದ ವಸ್ತುವೊಂದು ತಮಗೆ ಬೇಕೆಂದು ಬೇಡಿದುದನ್ನೂ, ಅದರಿಂದ ನಾಟ್ಯವು ಹುಟ್ಟಿದುದನ್ನೂ ವರ್ಣಿಸುತ್ತಿದ್ದೆ. ಅಲ್ಲಿಂದ ಕಾಳಿದಾಸ, ಅಲ್ಲಿಂದ ಸೊಫೊಕ್ಲಿಸ್, ಅಲ್ಲಿಂದ ಷೇಕ್ಸ್‌ಪಿಯರ್. ಗಂಟೆ ಬಾರಿಸುವ ಹೊತ್ತಿಗೆ ಕನ್ನಡಕ್ಕೆ ಬಂದು ಸೇರುತ್ತಿದ್ದೆ. ಕೇಳಿದವರು, ಪ್ರಶ್ನೆ ಏನಾಗಿತ್ತೆಂಬುದನ್ನು ಮರೆತು ಮನೆಗೆ ಹೋಗುತ್ತಿದ್ದರು.

ಇಷ್ಟೆಲ್ಲ ಹೇಳಬಲ್ಲವನಾಗಿದ್ದ ನಾನು ನನ್ನ ಮೂವತ್ತಾರನೆಯ ವಯಸ್ಸಿನವರೆಗೆ ಒಂದು ನಾಟಕವನ್ನೂ ಸರಿಯಾಗಿ ಕೇಳಿರಲಿಲ್ಲ. ಈ ಮಾತನ್ನು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಒಪ್ಪಿಕೊಳ್ಳದಿದ್ದರೆ ಈ ಲೇಖನ ಮುಂದೆ ಸಾಗುವಂತಿಲ್ಲ.

ನಾನು ಕನ್ನಡ ಎಂ.ಎ. ಪರೀಕ್ಷೆಯಲ್ಲಿ ರ‍್ಯಾಂಕು ಪಡೆದವನು. ಕಾಲೇಜೊಂದರಲ್ಲಿ ಅಧ್ಯಾಪಕ. ಕೈಲಾಸಂ ಅವರ 'ಟೊಳ್ಳುಗಟ್ಟಿ'ಯನ್ನು ಎಂಟು ವರ್ಷ ಸತತವಾಗಿ ಪಾಠ ಹೇಳಿದ್ದೇನೆ. ಅದಕ್ಕೆಂದೇ ಒಂದು ಟಿಪ್ಪಣಿ ಪುಸ್ತಕವಿತ್ತು. ಮೊದಲ ಪುಟದಲ್ಲಿ ನಾಟಕಕಾರರ ಪರಿಚಯ, ಎರಡನೆಯ ಪುಟದಲ್ಲಿ ಕಥಾಸಾರ, ಮೂರನೆಯದರಲ್ಲಿ ಪಾತ್ರಚಿತ್ರಣ, ನಾಲ್ಕನೆಯದರಲ್ಲಿ, ಪರೀಕ್ಷೆಗೆ ಬರಬಹುದಾದ ಪ್ರಶ್ನೆಗಳು. ಕಥೆಯನ್ನು ಬಲ್ಲವರು ಬಹಳ ಮಂದಿ. ಒಂದು ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಪುಟ್ಟು ಪರೀಕ್ಷೆಗಳಲ್ಲಿ ಗೆಲ್ಲುವವನು, ತಂದೆಯ ಕಣ್ಮಣಿ. ಮಾಧು ಪುಸ್ತಕದಲ್ಲಿ ಹಿಂದೆ, ಮನುಷ್ಯತ್ವದಲ್ಲಿ ಮುಂದೆ. ಮನೆಗೆ ಬೆಂಕಿ ಬಿದ್ದ ಹೊತ್ತಿನಲ್ಲಿ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಬಯಲಾಗುತ್ತದೆ. 'ಅಂಕಗಳಿಂದ ಮನುಷ್ಯನ ಬೆಲೆಯನ್ನು ಅಳೆಯುವ ವಿದ್ಯಾಭ್ಯಾಸಕ್ರಮದ ವಿಡಂಬನೆ' ಎಂದು ನಾನು ನಿಧಾನವಾಗಿ ಹೇಳಿ ಬರೆಸುತ್ತಿದ್ದೆ. ಹಾಗೆಯೇ ಬರೆದವರಿಗೆ ಹತ್ತಕ್ಕೆ ಎಂಟು ಅಂಕಗಳನ್ನು ಕೊಡುತ್ತಿದ್ದೆ. ಇದರಲ್ಲಿರುವ ತಮಾಷೆ ನನ್ನ ಗಮನಕ್ಕೆ ಎಂದೂ ಬರಲಿಲ್ಲ.

ಕೈಲಾಸಂ ಈ ನಾಟಕವನ್ನು ರಚಿಸಿದ್ದು ೧೯೧೮ರಲ್ಲಿ. ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರವನ್ನು ಓದಿ ಬಂದ ಅವರು ಕನ್ನಡ ನಾಟಕಕ್ಕೆ ಮಧ್ಯಮವರ್ಗದ ಮನೆಯ ಹಜಾರವನ್ನು ತಂದುಕೊಟ್ಟರು. ಅದಕ್ಕೆ ಮೊದಲು ರಂಗದ ಮೇಲೆ ರಾಜರು ಹಾಡುತ್ತಿದ್ದರು. ಕೈಲಾಸಂ ಬಂದ ಮೇಲೆ ನಮ್ಮ ನಿಮ್ಮಂಥವರು ಮಾತನಾಡತೊಡಗಿದರು. ಅವರು ಬರೆದದ್ದಕ್ಕಿಂತ ಹೇಳಿದ್ದು ಹೆಚ್ಚು. ಎಷ್ಟೋ ನಾಟಕಗಳನ್ನು ಅವರು ಹೇಳುತ್ತಿದ್ದರೆ ಗೆಳೆಯರು ಬರೆದುಕೊಳ್ಳುತ್ತಿದ್ದರು. ಆದುದರಿಂದಲೇ ಅವರ ನಾಟಕಗಳ ಅಚ್ಚಿನ ಪುಟ ಕಣ್ಣಿಗೆ ಅಷ್ಟು ವಿಚಿತ್ರವಾಗಿ ಕಾಣುತ್ತದೆ. 'ಬಂಡ್ವಾಳ್ವಿಲ್ಲದ್ಬಡಾಯಿ' ಎಂಬ ಹೆಸರನ್ನೇ ನೋಡಿ. 'ತಾಳೀ ಕಟ್ಟೋಕ್ಕೂಲೀನೇ?' ಎಂಬುದನ್ನು ನೋಡಿ. ಕಣ್ಣಿಗೆ ಇವು ಸಿಕ್ಕುಬಿದ್ದ ದಾರದ ಉಂಡೆಗಳು. ಬಾಯಿಬಿಟ್ಟು ಓದಿದೊಡನೆಯೇ ಸಿಕ್ಕು ಬಿಡುತ್ತದೆ. ಪಕ್ಕದ ಮನೆಯ ಮಾತು ಕೇಳಿಸುತ್ತದೆ. ಇದನ್ನೂ ನಾನು ಟಿಪ್ಪಣಿಯಲ್ಲಿ ಬರೆಸಿದ್ದೆ: 'ಆಡುಮಾತಿನ ಸಮರ್ಥ ಬಳಕೆ.' ಬಾಯಿಬಿಟ್ಟು ಓದಿ ಮಾತ್ರ ತೋರಿಸಿರಲಿಲ್ಲ. ಪಾಠ ಮುಗಿಸುವ ಅವಸರ.

ಇನ್ನು ನನ್ನ ಮನೆಯ ವಿಚಾರ. ನನಗೆ ಒಬ್ಬನೇ ತಮ್ಮ. ನನಗಿಂತ ಮೂರು ವರ್ಷ ಚಿಕ್ಕವನು. ಪಿ.ಯು.ಸಿ. ಪರೀಕ್ಷೆಯಲ್ಲಿ ಎರಡು ಸಲ ಬಿದ್ದು, ಮೂರನೆಯ ಸಲ ಕುಳಿತುಕೊಳ್ಳದೆ, ಮಲೆನಾಡಿನ ನಮ್ಮ ಊರಿನಲ್ಲೇ ಪಂಪುಸೆಟ್ಟು, ಮಿಕ್ಸಿಗಳ ರಿಪೇರಿ ಅಂಗಡಿಯೊಂದನ್ನು ಇಟ್ಟುಕೊಂಡ. ತಂದೆಯವರು ತೀರಿಕೊಳ್ಳುವವರೆಗೂ ನೆಂಟರ ಮುಂದೆ ನನ್ನ ಹೆಸರನ್ನು ಎತ್ತರದ ದನಿಯಲ್ಲೂ, ಅವನ ಹೆಸರನ್ನು ಸ್ವಲ್ಪ ತಗ್ಗಿದ ದನಿಯಲ್ಲೂ ಹೇಳುತ್ತಿದ್ದರು. ತಾಯಿ ಹಳೆಯ ಹೆಂಚಿನ ಮನೆಯಲ್ಲಿ ಅವನ ಸಂಸಾರದೊಡನೆ ಇದ್ದಾರೆ. ನಾನು ವರ್ಷಕ್ಕೆರಡು ಸಲ ಹೋಗಿಬರುತ್ತೇನೆ. ತಿಂಗಳಿಗೊಮ್ಮೆ ಹಣ ಕಳುಹಿಸುತ್ತೇನೆ.

ನಾಲ್ಕು ವರ್ಷಗಳ ಹಿಂದೆ ತಾಯಿ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ತಮ್ಮ ಅವರನ್ನು ತೋಳಿನಲ್ಲಿ ಎತ್ತಿಕೊಂಡು ರಸ್ತೆಯವರೆಗೆ ಓಡಿದನಂತೆ. ಶಸ್ತ್ರಚಿಕಿತ್ಸೆಯ ಅನಂತರ ನಲವತ್ತು ದಿನ ಅಂಗಡಿಯ ಬಾಗಿಲನ್ನು ಅರ್ಧವಷ್ಟೇ ತೆರೆದ. ಸುದ್ದಿ ಬಂದಾಗ ನಾನು ಮೌಲ್ಯಮಾಪನ ಕೇಂದ್ರದಲ್ಲಿದ್ದೆ. ಕಟ್ಟು ಮುಗಿಸಿ ಹೊರಡೋಣವೆಂದುಕೊಂಡೆ. ಒಂದು ಕಟ್ಟು ಮುಗಿದರೆ ಇನ್ನೊಂದು. ಹಣವನ್ನಂತೂ ಅಂದೇ ಕಳುಹಿಸಿದೆ. ಊರು ತಲುಪಿದ್ದು ಐದನೆಯ ದಿನ. ಆ ಕಟ್ಟುಗಳಲ್ಲಿ ಇದ್ದ ಉತ್ತರಗಳು 'ಟೊಳ್ಳುಗಟ್ಟಿ'ಯನ್ನು ಕುರಿತವು. ಮಾಧುವಿನ ಪಾತ್ರವನ್ನು ವಿವರಿಸಿದವರಿಗೆ ನಾನು ಉದಾರವಾಗಿ ಅಂಕ ಕೊಟ್ಟೆನೆಂದು ನೆನಪು.

ಎರಡು ವರ್ಷಗಳ ಹಿಂದೆ ಗೌರೀಹಬ್ಬಕ್ಕೆ ಊರಿಗೆ ಹೋದಾಗ ನನ್ನ ಚೀಲದಲ್ಲಿ ಒಂದು ನೀಲಿ ಫೈಲು ಇತ್ತು. ಮನೆಯನ್ನು ಮಾರುವ ಯೋಚನೆಯದು. ಒಬ್ಬ ಗಿರಾಕಿಯೊಡನೆ ಮಾತನಾಡಿ, ಬರುವ ಹಣವನ್ನು ಮೂರು ಪಾಲು ಮಾಡಿ, ಲೆಕ್ಕವನ್ನು ಅಂದವಾಗಿ ಬರೆದಿಟ್ಟಿದ್ದೆ. ಮನೆ ಹಳೆಯದು, ಮಾಡು ಸೋರುತ್ತದೆ, ತಾಯಿಗೆ ವಯಸ್ಸಾಯಿತು, ನಗರದಲ್ಲಿ ನಾನು ಮಾಡಿದ ಸಾಲ ಬೆಳೆಯುತ್ತಿದೆ. ನನ್ನ ವಾದಗಳೆಲ್ಲ ಪ್ರಬಂಧದಂತೆ ಕ್ರಮವಾಗಿದ್ದವು. ತಮ್ಮ ಎಲ್ಲಿಗೆ ಹೋಗಬೇಕೆಂಬ ಅಂಶವೊಂದು ಮಾತ್ರ ಲೆಕ್ಕದಲ್ಲಿ ಸೇರಿರಲಿಲ್ಲ. 'ಅವನಿಗೂ ಪಾಲು ಬರುತ್ತದಲ್ಲ' ಎಂದುಕೊಂಡಿದ್ದೆ.

ಹಬ್ಬದ ಮರುದಿನ ಸಂಜೆ ಮಳೆ ಹಿಡಿಯಿತು. ಏಳು ಗಂಟೆಗೆ ವಿದ್ಯುತ್ತು ಹೋಯಿತು. ಮಲೆನಾಡಿನಲ್ಲಿ ಹೀಗೆ ಹೋದ ವಿದ್ಯುತ್ತು ಯಾವಾಗ ಬರುವುದೆಂದು ಯಾರೂ ಕೇಳುವುದಿಲ್ಲ. ದೂರದರ್ಶನವಿಲ್ಲದೆ ಮಕ್ಕಳು ಕಂಗಾಲಾದರು. ನನ್ನ ಮಗಳೂ ತಮ್ಮನ ಇಬ್ಬರು ಮಕ್ಕಳೂ ಸ್ವಲ್ಪ ಹೊತ್ತು ನನ್ನ ಫೋನಿನಲ್ಲಿದ್ದ ಹಳೆಯ ರೇಡಿಯೋ ನಾಟಕವೊಂದನ್ನು ಕೇಳಿದರು. ಅರ್ಧಕ್ಕೆ ಫೋನೂ ಕಣ್ಣುಮುಚ್ಚಿತು.

"ನಾಟಕ ಕೇಳೋಕೆ ಅದ್ಯಾಕೆ ಬೇಕು?" ಎಂದರು ತಾಯಿ, ಕತ್ತಲಿನಿಂದ.

ತಾಯಿಯ ತವರು ಘಟ್ಟದ ಕೆಳಗೆ. ಅಲ್ಲಿ ಮಳೆಗಾಲದಲ್ಲಿ ಯಕ್ಷಗಾನದ ಆಟವಿಲ್ಲದಿದ್ದಾಗ ಮನೆಯ ಜಗಲಿಯಲ್ಲೋ ದೇವಸ್ಥಾನದಲ್ಲೋ ತಾಳಮದ್ದಳೆ ನಡೆಯುತ್ತಿತ್ತಂತೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಪಂಚೆಯುಟ್ಟ ನಾಲ್ಕು ಮಂದಿ ಅರ್ಥಧಾರಿಗಳು ಕುಳಿತಲ್ಲೇ ಮಾತನಾಡುತ್ತಾರೆ. ಒಬ್ಬರು ಕೌರವ, ಒಬ್ಬರು ಕೃಷ್ಣ. ಅಚ್ಚಾದ ಸಂಭಾಷಣೆಯಿಲ್ಲ, ಮಾತು ಅಲ್ಲೇ ಹುಟ್ಟಬೇಕು. ತಾಯಿ ಮಗುವಾಗಿದ್ದಾಗ ಬಾಗಿಲ ಹಿಂದೆ ಹೆಂಗಸರೊಡನೆ ಕುಳಿತು ಕೇಳುತ್ತಿದ್ದರು. ಅರ್ಥಧಾರಿಗಳ ಮುಖವನ್ನೇ ಅವರು ಕಂಡದ್ದಿಲ್ಲವಂತೆ. "ಕರ್ಣ ಹೇಗಿದ್ದ ಅಂತ ನಂಗೆ ಗೊತ್ತು, ದನಿ ಕೇಳಿದೀನಲ್ಲ" ಎಂದರು.

ಮದುವೆಯಾಗಿ ಘಟ್ಟ ಹತ್ತಿದ ಮೇಲೆ ತಾಳಮದ್ದಳೆಯ ಜಾಗಕ್ಕೆ ರೇಡಿಯೋ ಬಂತು. ನನಗೂ ಅದು ನೆನಪಿದೆ. ರಾತ್ರಿ ನಾಟಕವಿದ್ದ ದಿನ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗಬಾರದು. ಕನ್ನಡನಾಡಿಗೂ ರೇಡಿಯೋಗೂ ಇರುವ ನಂಟು ಹಳೆಯದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಮೊದಲು ಅಂಟಿಕೊಂಡದ್ದು ಆ ನಿಲಯಕ್ಕೆ. ಮುಂದೆ ೧೯೫೦ರಲ್ಲಿ ಧಾರವಾಡದಲ್ಲೂ, ೧೯೫೫ರಲ್ಲಿ ಬೆಂಗಳೂರಿನಲ್ಲೂ ನಿಲಯಗಳು ಬಂದವು. ಜೀವಮಾನದಲ್ಲಿ ಒಂದು ರಂಗಮಂದಿರದ ಮೆಟ್ಟಿಲನ್ನೂ ಹತ್ತದ ನನ್ನ ತಾಯಿಯಂಥ ಸಾವಿರಾರು ಮಂದಿಗೆ ನಾಟಕವೆಂದರೆ ಕಿವಿಗೆ ಬೀಳುವ ವಸ್ತು.

ಆಗ ನನ್ನ ಚೀಲದಲ್ಲಿದ್ದ ಇನ್ನೊಂದು ವಸ್ತು ನೆನಪಾಯಿತು. ರಜೆ ಮುಗಿದೊಡನೆ ಪಾಠ ಮಾಡಬೇಕಾಗಿದ್ದ 'ಟೊಳ್ಳುಗಟ್ಟಿ'ಯ ಎರಡು ಪ್ರತಿಗಳು. ಫೈಲಿನ ಕೆಳಗಿನಿಂದ ಅವನ್ನು ಎಳೆದು ತಂದೆ. ಮಕ್ಕಳು ಚೀಟಿ ಬರೆದರು. ದೇವರ ದಯೆಯಿಂದ ನನಗೆ ಮಾಧುವಿನ ಪಾತ್ರ ಬಂತು. ತಮ್ಮನಿಗೆ ಪುಟ್ಟು ಬಂದ. "ನಾನು ಪರೀಕ್ಷೆ ಪಾಸಾಗೋದು ಇದೇ ಮೊದಲು" ಎಂದು ತಮ್ಮ ನಕ್ಕ. ನಾದಿನಿಯೂ ನನ್ನ ಹೆಂಡತಿಯೂ ಹೆಂಗಸರ ಪಾತ್ರಗಳನ್ನು ಹಂಚಿಕೊಂಡರು; ಉಳಿದುದು ಮಕ್ಕಳಿಗೆ. ಸೀಮೆಯೆಣ್ಣೆಯ ಲಾಂದ್ರವೊಂದನ್ನು ತಮ್ಮ ಎಲ್ಲಿಂದಲೋ ಹುಡುಕಿ ತಂದ. ತಾಯಿ ಗೋಡೆಗೊರಗಿ ಕಣ್ಣುಮುಚ್ಚಿ ಕುಳಿತರು.

ಮೊದಲ ಹತ್ತು ನಿಮಿಷ ನಾನೇ ನಾಯಕ. ಸ್ಪಷ್ಟವಾದ ಉಚ್ಚಾರಣೆ, ಅಲ್ಪವಿರಾಮದಲ್ಲಿ ಅಲ್ಪ ವಿರಾಮ, ಪೂರ್ಣವಿರಾಮದಲ್ಲಿ ಪೂರ್ಣ ವಿರಾಮ. ತಾಯಿ ಕಣ್ಣು ತೆರೆಯದೆಯೇ, "ನೀನು ನೋಟ್ಸು ಬರೆಸ್ತಿದೀಯೇನೋ?" ಎಂದರು. ಮಕ್ಕಳು ಬಿದ್ದು ಬಿದ್ದು ನಕ್ಕರು.

ತಮ್ಮನ ಓದು ಬೇರೆ. ಅವನು ಪುಸ್ತಕವನ್ನು ಕೈಯಲ್ಲಿ ಹಿಡಿದು ಹದಿನೈದು ವರ್ಷಗಳಾಗಿರಬಹುದು. ಅಕ್ಷರ ಅಕ್ಷರವನ್ನೇ ಕೂಡಿಸುತ್ತ, ಕೈಲಾಸಂ ಕೂಡಿಸಿಟ್ಟ ಪದಗಳನ್ನು ಬಿಡಿಸುತ್ತ, ಒಂದು ಸಾಲನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡು, ಅನಂತರ ತಲೆಯೆತ್ತಿ ಹೇಳುತ್ತಿದ್ದ. ಹಾಗೆ ತಲೆಯೆತ್ತಿ ಹೇಳಿದಾಗ ಅದು ಓದಾಗಿ ಉಳಿಯುತ್ತಿರಲಿಲ್ಲ, ಮಾತಾಗುತ್ತಿತ್ತು. ನೂರು ವರ್ಷಗಳ ಹಿಂದಿನ ಆ ಮಾತು ನಮ್ಮ ಜಗಲಿಯದೇ ಎನ್ನುವಂತೆ ಕೇಳಿಸುತ್ತಿತ್ತು. ಎಂ.ಎ. ಓದಿದವನ ಬಾಯಲ್ಲಿ ಮಾಧು ಬದುಕಲಿಲ್ಲ, ಪಿ.ಯು.ಸಿ. ಬಿದ್ದವನ ಬಾಯಲ್ಲಿ ಪುಟ್ಟು ಎದ್ದು ಕುಳಿತ. ನನಗೆ ಸ್ವಲ್ಪ ಅಸೂಯೆಯಾಯಿತೆಂದು ಹೇಳಬೇಕು.

ಬೆಂಕಿಯ ಭಾಗ ಇನ್ನೂ ಬಂದಿರಲಿಲ್ಲ. ಮಳೆ ಜೋರಾಯಿತು. ತಾಯಿಯ ಮಂಚವಿದ್ದ ಮೂಲೆಯಲ್ಲಿ ತಟತಟನೆ ನೀರು ಬೀಳತೊಡಗಿತು. ನಾಟಕದಲ್ಲಿ ಬೆಂಕಿ ಬೀಳುವ ಮೊದಲು ನಮ್ಮ ಮನೆಗೆ ನೀರು ಬಿತ್ತು. ತಮ್ಮ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ನಿಲ್ಲಿಸಬೇಡಿ, ನಂದೂ ನೀನೇ ಓದು ಅಣ್ಣ" ಎಂದು ಹೇಳಿ, ತಲೆಗೆ ಗೋಣಿಯೊಂದನ್ನು ಹೊದ್ದು ಏಣಿ ಹಾಕಿಕೊಂಡು ಅಟ್ಟಕ್ಕೆ ಹತ್ತಿದ.

ನಾನು ಎರಡು ಪಾತ್ರಗಳನ್ನೂ ಓದತೊಡಗಿದೆ. ಮಾಧುವನ್ನು ಓದುವಾಗ ಮುಂಚಿನಂತೆಯೇ ತಡವರಿಸಿದೆ. ಪುಟ್ಟುವಿನ ಮಾತು ಬಂದಾಗ ಆಶ್ಚರ್ಯವಾಯಿತು. ಯಾವ ಪ್ರಯತ್ನವೂ ಬೇಕಾಗಲಿಲ್ಲ. ನಾಲಗೆ ತಾನಾಗಿಯೇ ಹೊರಳಿತು. ಪುಸ್ತಕದ ಗತ್ತು, ತನ್ನ ಕೆಲಸವೇ ದೊಡ್ಡದೆಂಬ ನಿಶ್ಚಿಂತೆ, ಇತರರು ಮಾಡುವುದೆಲ್ಲ ಇತರರಿಗೆ ಸಹಜವೆಂಬ ನಂಬಿಕೆ. ಆ ದನಿ ನನಗೆ ಚೆನ್ನಾಗಿ ಪರಿಚಯವಿದ್ದ ದನಿ. ಐದನೆಯ ದಿನ ಆಸ್ಪತ್ರೆಗೆ ಬಂದು, 'ಮೌಲ್ಯಮಾಪನ ಬಿಡೋ ಹಾಗಿರಲಿಲ್ಲ' ಎಂದು ಹೇಳಿದ ದನಿ. ಎಂಟು ವರ್ಷ ಪುಟ್ಟುವಿನ ಪಾತ್ರಚಿತ್ರಣವನ್ನು ಬರೆಸಿದವನು, ಅಂದು ಮೊದಲ ಬಾರಿಗೆ ಅವನ ಮಾತನ್ನು ಕಿವಿಯಾರೆ ಕೇಳಿದೆ. ಬಾಯಿ ನನ್ನದೆ, ಕಿವಿಯೂ ನನ್ನದೆ. ನಡುವೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ನಮ್ಮ ತಲೆಯ ಮೇಲೆ ಅಟ್ಟದ ಹಲಗೆಗಳು ಕಿರಿಕಿರಿ ಎನ್ನುತ್ತಿದ್ದವು. ಒಂದೊಂದೇ ಹೆಂಚನ್ನು ಸರಿಸಿ ಜೋಡಿಸುವ ಸದ್ದು. ಒಮ್ಮೆ ಕಾಲು ಜಾರಿದ ಸದ್ದು. ತಾಯಿ "ಹುಷಾರು" ಎಂದರು. ಮೇಲಿನಿಂದ "ಏನೂ ಆಗಲಿಲ್ಲ, ಓದಿ" ಎಂಬ ಉತ್ತರ ಬಂತು. ಬೆಂಕಿಯ ಭಾಗ ಬರುವ ಹೊತ್ತಿಗೆ ಅವನು ನೆನೆದು ತೊಪ್ಪೆಯಾಗಿ ಇಳಿದು ಬಂದು, ಬಾಗಿಲ ಬಳಿ ನಿಂತು ತಲೆ ಒರೆಸಿಕೊಳ್ಳುತ್ತ ಕೇಳಿದ. ನನ್ನ ಗಂಟಲು ಅದೇಕೋ ಸರಿಯಾಗಿರಲಿಲ್ಲ. ಕಡೆಯ ಪುಟಗಳನ್ನು ನನ್ನ ಮಗಳೇ ಓದಿ ಮುಗಿಸಿದಳು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ತಾಯಿ ಕೇಳಿದರು: "ಇದನ್ನ ಬರೆದೋರು ಯಾರಪ್ಪ? ನಮ್ಮನೆಗೆ ಯಾವಾಗ ಬಂದಿದ್ರು?"

ಕೈಲಾಸಂ ೧೯೪೬ರಲ್ಲೇ ತೀರಿಕೊಂಡರೆಂದು ಹೇಳಿದೆ. ಅಧ್ಯಾಪಕನಿಗೆ ಕೂಡಲೆ ಹೊಳೆದ ಉತ್ತರ ಅದೊಂದೇ. ತಾಯಿ ನಗಲಿಲ್ಲ. ನನ್ನ ಕಡೆಗೆ ನೋಡಲೂ ಇಲ್ಲ. ಅದಕ್ಕಾಗಿ ಅವರಿಗೆ ಇಂದಿಗೂ ಕೃತಜ್ಞನಾಗಿದ್ದೇನೆ.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಬಿಡಲು ಬಂದ ತಮ್ಮ, ಚೀಲವನ್ನು ಮೇಲಕ್ಕೆ ಏರಿಸುತ್ತ, "ನೀಲಿ ಫೈಲಲ್ಲಿ ಏನಿತ್ತಣ್ಣ?" ಎಂದ. ನಾನು ಅದನ್ನು ಯಾರಿಗೂ ತೋರಿಸಿರಲಿಲ್ಲ, ಅವನು ನೋಡಿದ್ದ. "ನೋಟ್ಸು" ಎಂದೆ. "ಹಳೇದಾ?" ಎಂದ. "ಹೂಂ, ಹಳೇದು" ಎಂದೆ. ಬಸ್ಸು ಹೊರಟಿತು.

ಮನೆಯ ಪ್ರಶ್ನೆ ಶಾಶ್ವತವಾಗಿ ಬಗೆಹರಿಯಿತೆಂದು ನಾನು ಹೇಳಲಾರೆ. ನಗರದ ಸಾಲ ಹಾಗೆಯೇ ಇದೆ. ಹೆಂಚಿನ ಖರ್ಚಿಗೆಂದು ನಾನು ಕಳುಹಿಸಿದ ಹಣದಲ್ಲಿ ತಮ್ಮ ಅರ್ಧವನ್ನು ಹಿಂದಿರುಗಿಸಿದ. ತನ್ನ ಪಾಲನ್ನು ತಾನೇ ಕೊಡುವುದಾಗಿ ಹೇಳಿದ. ನಾಟಕವೊಂದು ಮನುಷ್ಯನನ್ನು ರಾತ್ರಿ ಬೆಳಗಾಗುವುದರೊಳಗೆ ಪುಟ್ಟುವಿನಿಂದ ಮಾಧುವನ್ನಾಗಿ ಮಾಡುತ್ತದೆಂದು ನಂಬುವವನಲ್ಲ ನಾನು. ಆದರೆ ಆ ಫೈಲನ್ನು ಮತ್ತೆ ತೆರೆಯಲಾಗಲಿಲ್ಲ. ತೆರೆಯಹೋದಾಗಲೆಲ್ಲ ಅಟ್ಟದ ಹಲಗೆಯ ಸದ್ದು ಕೇಳಿಸುತ್ತದೆ.

ಆ ರಾತ್ರಿ ನಡೆದುದೇನೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ಕಣ್ಣಿನಿಂದ ಓದುವವನಿಗೆ ಒಂದು ಸೌಕರ್ಯವಿದೆ. ಬೇಡವಾದ ಸಾಲಿನ ಮೇಲೆ ಕಣ್ಣು ಜಾರುತ್ತದೆ. ಅಡಿಗೆರೆ ಎಳೆದರೆ ಮನಸ್ಸಿಗೆ ತಟ್ಟಿದಂತೆಯೇ ಎಂಬ ಭ್ರಮೆಯುಂಟಾಗುತ್ತದೆ. ಕಿವಿಗೆ ರೆಪ್ಪೆಯಿಲ್ಲ. ಪ್ರಾಚೀನರು ಇದನ್ನು ಬಲ್ಲವರು. ಬಿ.ಎಂ.ಶ್ರೀ. ಅವರು ೧೯೩೫ರಲ್ಲಿ 'ಪಾರಸಿಕರು' ಎಂಬ ಹೆಸರಿನಿಂದ ಕನ್ನಡಕ್ಕೆ ತಂದ ಈಸ್ಕಿಲಸನ ನಾಟಕವನ್ನೇ ನೋಡಿ. ಗ್ರೀಕರು ಪಾರಸಿಕರನ್ನು ಸಲಾಮಿಸ್ ಕದನದಲ್ಲಿ ಗೆದ್ದದ್ದು ಕ್ರಿ.ಪೂ. ೪೮೦ರಲ್ಲಿ, ನಾಟಕ ಅಥೆನ್ಸಿನಲ್ಲಿ ಪ್ರದರ್ಶಿತವಾದದ್ದು ಕ್ರಿ.ಪೂ. ೪೭೨ರಲ್ಲಿ. ರಂಗದ ಮೇಲೆ ಒಂದು ಹಡಗೂ ಇಲ್ಲ, ಒಂದು ಕತ್ತಿಯೂ ಇಲ್ಲ. ಸೋತವರ ಅರಮನೆಗೆ ದೂತನೊಬ್ಬ ಬರುತ್ತಾನೆ, ನಡೆದುದನ್ನು ಹೇಳುತ್ತಾನೆ, ಅಷ್ಟೆ. ಗೆದ್ದವರು ಕುಳಿತು, ಸೋತವರ ತಾಯಿ ಆ ಸುದ್ದಿಯನ್ನು ಕೇಳುವುದನ್ನು ಕೇಳಬೇಕು. ಕಣ್ಣಿಗೆ ಕಾಣಿಸಿದ್ದರೆ ಅದು ಇನ್ನೊಂದು ವಿಜಯೋತ್ಸವವಾಗುತ್ತಿತ್ತೇನೋ. ಕಿವಿಗೆ ಬಿದ್ದುದರಿಂದ ದುಃಖವಾಯಿತು. ಬಿ.ಎಂ.ಶ್ರೀ. ಅವರೂ ಕೈಲಾಸಂ ಅವರೂ ಕಾಲವಾದದ್ದು ೧೯೪೬ರಲ್ಲೇ. ಒಬ್ಬರು 'ಅಶ್ವತ್ಥಾಮನ್' ನಾಟಕದಲ್ಲಿ ಹಳಗನ್ನಡದ ಗಾಂಭೀರ್ಯವನ್ನು ಕೇಳಿಸಿದರು. ಇನ್ನೊಬ್ಬರು ಇಂಗ್ಲಿಷು ಬೆರೆತ ಬೆಂಗಳೂರಿನ ಮನೆಮಾತನ್ನು ಕೇಳಿಸಿದರು. ದಾರಿ ಬೇರೆಯಾದರೂ ಇಬ್ಬರದೂ ಒಂದೇ ಬೇಡಿಕೆ: ನನ್ನನ್ನು ಗಟ್ಟಿಯಾಗಿ ಓದಿ.

ಕಳೆದ ವರ್ಷದಿಂದ ತರಗತಿಯಲ್ಲಿ ಟಿಪ್ಪಣಿ ಪುಸ್ತಕವನ್ನು ತೆರೆಯುವುದನ್ನು ಬಿಟ್ಟಿದ್ದೇನೆ. ವಿದ್ಯಾರ್ಥಿಗಳಿಗೇ ಪಾತ್ರಗಳನ್ನು ಹಂಚಿ ಓದಿಸುತ್ತೇನೆ. ಮೊದಲ ದಿನ ಗದ್ದಲ. ಎರಡನೆಯ ದಿನ ನಗೆ. ಮೂರನೆಯ ದಿನದ ಹೊತ್ತಿಗೆ ಹಿಂದಿನ ಬೆಂಚಿನವರು ಮುಂದಕ್ಕೆ ಬಂದು ಕುಳಿತಿರುತ್ತಾರೆ. 'ಪರೀಕ್ಷೆಗೆ ಏನು ಬರೆಯಬೇಕು ಸಾರ್?' ಎಂದು ಕೇಳುವವರು ಈಗಲೂ ಇದ್ದಾರೆ. ಅವರನ್ನು ದೂರುವ ಅಧಿಕಾರ ನನಗಿಲ್ಲ. ಅವರು ನನ್ನ ಬಂಧುಗಳು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಹಳೆಯ ನಾಟಕ ಧೂಳು ಹಿಡಿದು ಕುಳಿತಿರಬಹುದು. ಕೈಲಾಸಂ ಆಗಲಿ, ಶ್ರೀರಂಗರಾಗಲಿ, ಕುವೆಂಪು ಆಗಲಿ, ಯಾರಾದರೂ ಸರಿ. ಒಂದು ಸಂಜೆ ದೀಪ ಹೋದಾಗ, ಹೋಗದಿದ್ದರೆ ನೀವೇ ಆರಿಸಿ, ಮನೆಯವರೆಲ್ಲ ಕುಳಿತು ಅದನ್ನು ಗಟ್ಟಿಯಾಗಿ ಓದಿ. ಓದುಬರಹದಲ್ಲಿ ಹಿಂದುಳಿದವರಿಗೆ ದೊಡ್ಡ ಪಾತ್ರವನ್ನೇ ಕೊಡಿ. ಮನೆಯಲ್ಲಿ ಪಂಡಿತರಿದ್ದರೆ ಅವರಿಗೆ ಸಣ್ಣದೊಂದು ಸಾಕು. ಚೀಟಿಯಲ್ಲಿ ಯಾವ ಪಾತ್ರ ಬಂದರೂ ಒಪ್ಪಿಕೊಳ್ಳಿ. ನಿಮಗೆ ಸಲ್ಲಬೇಕಾದ ಪಾತ್ರ ನಡುವೆ ಎಲ್ಲಾದರೂ ನಿಮ್ಮ ಕೈಗೆ ಬಂದೇ ಬರುತ್ತದೆ. ನನಗೆ ಅದನ್ನು ನನ್ನ ತಮ್ಮ ಕೊಟ್ಟು, ಅಟ್ಟ ಹತ್ತಿ ಹೋದ.